ಡಾಮರಿನ ಹಾಗೆ ಕಪ್ಪಗೆ ಹೋದರೆ ಬೆಳಗಾಗುವವರೆಗೆ ಕಾಯಬೇಡಿ

ಕಳೆದ ಮಳೆಗಾಲದ ಒಂದು ರಾತ್ರಿ ಇಶಾ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲು ಇಳಿಯುತ್ತಿದ್ದೆವು. ನಮ್ಮ ಮದ್ರಸದಲ್ಲೇ ಕಲಿತ ಹುಡುಗನೊಬ್ಬ ಕೊಡೆ ಮಡಚಿಕೊಂಡು ಬಂದು ಬದಿಗೆ ಕರೆದ. ಈಗ ಪಿಕಪ್ ಓಡಿಸಿ ಮನೆ ನಡೆಸುವವ. ತಲೆ ತಗ್ಗಿಸಿಕೊಂಡೇ ಕೇಳಿದ: "ಉಸ್ತಾದ್, ಉಪ್ಪನಿಗೆ ಎರಡು ದಿನದಿಂದ ಡಾಮರಿನ ಹಾಗೆ ಕಪ್ಪಗೆ ಹೋಗ್ತಾ ಉಂಟು. ಬಟ್ಟೆಗೂ ತಾಗ್ತದೆ. ನಮಾಝ್ ಹೇಗೆ ಮಾಡುವುದು ಅಂತ ಕೇಳ್ತಾರೆ."

ನಾವು ಮಸ್‌ಅಲ ಹೇಳಿದೆವು. ಬಟ್ಟೆಯ ಬಗ್ಗೆ, ವುಝೂವಿನ ಬಗ್ಗೆ, ನಿಲ್ಲಲು ಆಗದವರು ಕೂತು ನಮಾಝ್ ಮಾಡುವ ಬಗ್ಗೆ. ಐದು ನಿಮಿಷ ನಿಂತು ಸಾವಕಾಶವಾಗಿ ವಿವರಿಸಿದೆವು. ಹುಡುಗ ಸಮಾಧಾನದಿಂದ ಹೋದ. ಅವನ ಉಪ್ಪನಿಗೆ ಲಿವರ್ ಕ್ಯಾನ್ಸರ್ ಎಂದು ನಮಗೆ ಗೊತ್ತಿತ್ತು, ಮದ್ದು ನಡೆಯುತ್ತಾ ಇದೆ ಎಂದೂ ಗೊತ್ತಿತ್ತು. ಆದರೆ ಕಪ್ಪಗೆ ಯಾಕೆ ಹೋಗ್ತದೆ ಎಂದು ನಾವು ಕೇಳಲಿಲ್ಲ. ಆ ಕಪ್ಪು ಬಣ್ಣ ಹೊಟ್ಟೆಯೊಳಗೆ ಸೋರಿದ ರಕ್ತ ಎಂಬುದು ನಮಗೆ ತಿಳಿದಿರಲಿಲ್ಲ.

ಸುಬ್‌ಹಿಗೆ ಮೊದಲು ಆ ಮನೆಯಲ್ಲಿ ರಕ್ತವಾಂತಿ ಆಯಿತು. ವಾಹನ ಆಗಿ ಆಸ್ಪತ್ರೆ ಮುಟ್ಟುವಾಗ ರೋಗಿಗೆ ಪ್ರಜ್ಞೆ ಇರಲಿಲ್ಲ. ಮೂರನೆಯ ದಿನ ಮಯ್ಯಿತ್ ಮನೆಗೆ ಬಂತು. ಸಾಂತ್ವನ ಹೇಳಲು ಹೋದಾಗ ಹುಡುಗ ಫೈಲ್ ತೆಗೆದು ತೋರಿಸಿದ. ತಿಂಗಳ ಹಿಂದಿನ ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಸಣ್ಣದಾಗಿದೆ ಎಂದು ಬರೆದಿತ್ತು. ಮದ್ದು ಕೆಲಸ ಮಾಡುತ್ತಾ ಇತ್ತು. ಅವರು ಹೋದದ್ದು ಗಡ್ಡೆಯಿಂದಲ್ಲ, ರಕ್ತ ಹೋಗಿ. ಅದೇ ಫೈಲಿನಲ್ಲಿ ಎರಡನೇ ಸಲದ ಎಂಡೋಸ್ಕೋಪಿಗೆ ಬರೆದುಕೊಟ್ಟ ಚೀಟಿಯೂ ಇತ್ತು. ಮನೆಯಲ್ಲಿ ಮದುವೆ ಇದ್ದದ್ದರಿಂದ ಅದು ಮುಂದಿನ ತಿಂಗಳಿಗೆ ಹೋಗಿತ್ತು.

ನಾವು ವೈದ್ಯರಲ್ಲ. ಕಲಿತದ್ದು ದೀನಿ ವಿದ್ಯೆ, ಶಾಲೆಯದ್ದು ಪಿಯುಸಿವರೆಗೆ. ಆದರೆ ಆ ರಾತ್ರಿಯ ಐದು ನಿಮಿಷ ಮನಸ್ಸಿನಿಂದ ಹೋಗದ ಕಾರಣ ಮಂಗಳೂರಿನಲ್ಲಿ ಗುರುತಿನ ವೈದ್ಯರ ಬಳಿ ಕೂತು ಕೇಳಿದೆವು, ಓದಿ ಅರ್ಥ ಆಗುವುದನ್ನು ಓದಿದೆವು. ನಮ್ಮ ಮನೆಗಳಿಗೆ ಮುಟ್ಟಬೇಕು ಎಂದು ಅನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಶಿರಾಡಿ ಬಂದ್ ಆದರೆ ಚಾರ್ಮಾಡಿ

ಲಿವರ್ ಕ್ಯಾನ್ಸರ್ ಇರುವವರಿಗೆ ಹೊಟ್ಟೆಯಲ್ಲಿ ರಕ್ತ ಯಾಕೆ ಒಡೆಯಬೇಕು? ಇದು ಗೊತ್ತಾಗದೆ ಮುಂದಿನದು ಅರ್ಥ ಆಗುವುದಿಲ್ಲ.

ಜಠರ, ಕರುಳು, ಗುಲ್ಮ ಇಷ್ಟರಿಂದ ಬರುವ ರಕ್ತ ನೇರ ಹೃದಯಕ್ಕೆ ಹೋಗುವುದಿಲ್ಲ. ಅದು ಒಂದು ದೊಡ್ಡ ರಕ್ತನಾಳ ಸೇರಿ ಮೊದಲು ಲಿವರ್‌ಗೆ ಹೋಗುತ್ತದೆ. ಆ ನಾಳಕ್ಕೆ ವೈದ್ಯರು ಪೋರ್ಟಲ್ ವೇಯ್ನ್ ಅನ್ನುತ್ತಾರೆ. ಲಿವರ್‌ಗೆ ಸಿಗುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಈ ದಾರಿಯಲ್ಲೇ ಬರುವುದು. ಆರೋಗ್ಯದ ಲಿವರ್ ಸ್ಪಂಜಿನ ಹಾಗೆ, ರಕ್ತ ಸಲೀಸಾಗಿ ಹಾದುಹೋಗುತ್ತದೆ. ಆದರೆ ಲಿವರ್ ಕ್ಯಾನ್ಸರ್ ಬರುವ ಹೆಚ್ಚಿನವರಲ್ಲಿ ಲಿವರ್ ಮೊದಲೇ ಸಿರೋಸಿಸ್ ಆಗಿ ಗಟ್ಟಿಯಾಗಿ, ಗಂಟುಗಂಟಾಗಿ ಇರುತ್ತದೆ. ರಕ್ತಕ್ಕೆ ಒಳಗೆ ಹೋಗಲು ದಾರಿ ಇಲ್ಲ.

ಶಿರಾಡಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆದಾಗ ಏನಾಗ್ತದೆ ಎಂದು ನಮಗೆ ಪ್ರತಿ ಮಳೆಗಾಲವೂ ಗೊತ್ತು. ವಾಹನಗಳು ಮನೆಗೆ ಮರಳುವುದಿಲ್ಲ, ಚಾರ್ಮಾಡಿಗೆ ನುಗ್ಗುತ್ತವೆ. ಆ ಸಪೂರ ತಿರುವುಗಳನ್ನು ಅಷ್ಟು ಭಾರಕ್ಕೆ ಮಾಡಿದ್ದಲ್ಲ. ದೇಹದಲ್ಲಿ ಆ ಚಾರ್ಮಾಡಿ ಎಂದರೆ ಅನ್ನನಾಳದ ಕೆಳತುದಿಯಲ್ಲಿ ಮತ್ತು ಜಠರದ ಮೇಲ್ಭಾಗದಲ್ಲಿ ಇರುವ ತೆಳು ರಕ್ತನಾಳಗಳು. ಲಿವರ್‌ಗೆ ಹೋಗಲಾಗದ ರಕ್ತ ಅವುಗಳಲ್ಲಿ ತುಂಬಿ, ಅವು ಎರೆಹುಳದ ಹಾಗೆ ಉಬ್ಬಿಕೊಳ್ಳುತ್ತವೆ. ಇದಕ್ಕೆ ವೇರಿಸಸ್ ಎಂದು ಹೆಸರು. ಉಬ್ಬಿದ ನಾಳ ನೋಯುವುದಿಲ್ಲ, ಉರಿಯುವುದಿಲ್ಲ, ಊಟಕ್ಕೆ ತೊಂದರೆ ಕೊಡುವುದಿಲ್ಲ. ಒಡೆಯುವ ದಿನದವರೆಗೆ ರೋಗಿಗೆ ಅದು ಇದೆ ಎಂದೇ ಗೊತ್ತಾಗುವುದಿಲ್ಲ. ಕೆಲವರಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದು ಪೋರ್ಟಲ್ ವೇಯ್ನ್ ಒಳಗೇ ಸೇರುತ್ತದೆ. ಆಗ ಒತ್ತಡ ಇನ್ನೂ ಏರುತ್ತದೆ, ಅಪಾಯವೂ ಏರುತ್ತದೆ.

ಇದರ ಜೊತೆಗೆ ಇನ್ನೊಂದು ಉಂಟು. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್‌ಗಳಲ್ಲಿ ಹೆಚ್ಚಿನವನ್ನು ತಯಾರು ಮಾಡುವುದು ಲಿವರ್. ಅದು ಕೆಟ್ಟಾಗ ಅವು ಕಡಿಮೆ. ಗುಲ್ಮ ದೊಡ್ಡದಾಗಿ ಪ್ಲೇಟ್‌ಲೆಟ್ ಕೂಡ ಕಡಿಮೆ. ಸೋರಲು ಸುರುವಾದರೆ ನಿಲ್ಲುವುದು ಕಷ್ಟ. ಎಲ್ಲ ರಕ್ತಸ್ರಾವವೂ ವೇರಿಸಸ್‌ನಿಂದಲೇ ಎಂದಲ್ಲ, ಜಠರದ ಹುಣ್ಣಿನಿಂದಲೂ ಆಗಬಹುದು. ಆದರೆ ಗಂಟೆಗಳ ಲೆಕ್ಕದಲ್ಲಿ ಪ್ರಾಣ ತೆಗೆಯುವುದು ಹೆಚ್ಚಾಗಿ ಇದೇ.

ಮದ್ದು ಮಾಡುವ ಕೆಲಸ

1971ರಲ್ಲಿ ಅಮೆರಿಕದ ಸರ್ಜನ್ ಜೂಡಾ ಫೋಕ್‌ಮನ್ ಒಂದು ವಿಚಾರ ಮುಂದಿಟ್ಟರು. ಕ್ಯಾನ್ಸರ್ ಗಡ್ಡೆ ಬೆಳೆಯಬೇಕಾದರೆ ತನಗೆ ಬೇಕಾದ ಹೊಸ ರಕ್ತನಾಳಗಳನ್ನು ಎಳೆದುಕೊಳ್ಳಬೇಕು, ಅದನ್ನು ತಡೆದರೆ ಗಡ್ಡೆ ಹಸಿದು ನಿಲ್ಲುತ್ತದೆ ಎಂದು. ಆಗ ಹೆಚ್ಚಿನವರು ಒಪ್ಪಲಿಲ್ಲ. ಮುಂದೆ 1989ರಲ್ಲಿ ರಕ್ತನಾಳ ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನ್ ಪತ್ತೆಯಾಯಿತು. ಇವತ್ತು ಲಿವರ್ ಕ್ಯಾನ್ಸರ್‌ಗೆ ಕೊಡುವ ಹಲವು ಮದ್ದುಗಳು ಈ ಪ್ರೋಟೀನನ್ನು ಅಥವಾ ಅದರ ಕೆಲಸವನ್ನು ತಡೆಯುವಂಥವು. ದಿನಕ್ಕೆ ಎರಡು ಹೊತ್ತು ತೆಗೆದುಕೊಳ್ಳುವ ಸೊರಾಫೆನಿಬ್ ಮಾತ್ರೆ, ದಿನಕ್ಕೊಮ್ಮೆಯ ಲೆನ್ವಾಟಿನಿಬ್, ಮೂರು ವಾರಕ್ಕೊಮ್ಮೆ ಡ್ರಿಪ್‌ನಲ್ಲಿ ಹಾಕುವ ಬೆವಾಸಿಝುಮಾಬ್, ಇವೆಲ್ಲ ಆ ಬಳಗದವು.

ಸೊರಾಫೆನಿಬ್ ಹೆಸರು ನಮ್ಮ ದೇಶದಲ್ಲಿ ಇನ್ನೊಂದು ಕಾರಣಕ್ಕೂ ನೆನಪಿಡುವಂಥದ್ದು. ಬೇಯರ್ ಕಂಪೆನಿ ಮಾರುತ್ತಿದ್ದ ಈ ಮಾತ್ರೆಗೆ ತಿಂಗಳಿಗೆ ಸುಮಾರು 2 ಲಕ್ಷದ 80 ಸಾವಿರ ರೂಪಾಯಿ ಇತ್ತು. 2012ರ ಮಾರ್ಚ್‌ನಲ್ಲಿ ಭಾರತದ ಪೇಟೆಂಟ್ ಕಚೇರಿ ಹೈದರಾಬಾದಿನ ನಾಟ್ಕೊ ಕಂಪೆನಿಗೆ ಕಡ್ಡಾಯ ಪರವಾನಗಿ ಕೊಟ್ಟು ತಿಂಗಳಿಗೆ 8,880 ರೂಪಾಯಿಗೆ ಮಾರಬೇಕು ಎಂದಿತು. ದೇಶದಲ್ಲಿ ಅಂಥ ಪರವಾನಗಿ ಅದೇ ಮೊದಲನೆಯದು. ಕ್ಯಾನ್ಸರ್ ಮಾತ್ರೆ ಸಾಧಾರಣ ಮನೆಯ ಕಪಾಟಿಗೂ ಬಂದದ್ದು ಹೀಗೆ. ಆದರೆ ಮಾತ್ರೆ ಮನೆಗೆ ಬಂದಷ್ಟು ಸುಲಭವಾಗಿ ಅದರ ಜೊತೆಗೆ ಇರಬೇಕಾದ ಎಚ್ಚರ ಮನೆಗೆ ಬಂದಿಲ್ಲ ಎಂಬುದು ನಮ್ಮ ಅನಿಸಿಕೆ.

ಯಾಕೆಂದರೆ ವಿಇಜಿಎಫ್ ಗಡ್ಡೆಗೆ ಮಾತ್ರ ಬೇಕಾದದ್ದಲ್ಲ. ನಮ್ಮ ಒಳ್ಳೆಯ ರಕ್ತನಾಳಗಳ ಒಳಗೋಡೆ ಗಟ್ಟಿಯಾಗಿ ಇರಲಿಕ್ಕೆ, ಗಾಯ ಮಾಯಲಿಕ್ಕೆ ಕೂಡ ಅದೇ ಬೇಕು. ಮದ್ದು ಗಡ್ಡೆಯ ನಾಳ ಯಾವುದು, ಅನ್ನನಾಳದ ನಾಳ ಯಾವುದು ಎಂದು ನೋಡುವುದಿಲ್ಲ. ಮೊದಲೇ ಉಬ್ಬಿ ತೆಳ್ಳಗಾದ ಕಡೆ ಒಡೆಯುವ ಅಪಾಯವನ್ನು ಅದು ಸ್ವಲ್ಪ ಹೆಚ್ಚಿಸುತ್ತದೆ. ಬೆವಾಸಿಝುಮಾಬ್ ಒಂದು ಸಲ ಹಾಕಿದರೆ ವಾರಗಟ್ಟಲೆ ದೇಹದಲ್ಲಿ ಉಳಿಯುವುದರಿಂದ ಇವತ್ತು ಬೇಡ ಎಂದರೆ ನಾಳೆಗೆ ಇಳಿಯುವುದೂ ಇಲ್ಲ.

ಎಷ್ಟು ಅಪಾಯ? ಇದಕ್ಕೆ ಲೆಕ್ಕ ಉಂಟು. ಬೆವಾಸಿಝುಮಾಬ್ ಜೊತೆಗೆ ಅಟೆಝೊಲಿಝುಮಾಬ್ ಎಂಬ, ರೋಗ ನಿರೋಧಕ ಶಕ್ತಿಯನ್ನು ಎಬ್ಬಿಸುವ ಮದ್ದನ್ನು ಸೇರಿಸಿ ಕೊಟ್ಟ ಐಎಂಬ್ರೇವ್150 ಎಂಬ ದೊಡ್ಡ ಅಧ್ಯಯನದ ಫಲಿತಾಂಶ 2020ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಹಲವು ದೇಶಗಳ 501 ರೋಗಿಗಳು ಅದರಲ್ಲಿ ಇದ್ದರು. ಒಂದು ವರ್ಷದ ನಂತರ ಈ ಜೋಡಿ ಮದ್ದಿನವರಲ್ಲಿ ನೂರಕ್ಕೆ 67 ಮಂದಿ ಬದುಕಿದ್ದರು, ಸೊರಾಫೆನಿಬ್ ತೆಗೆದುಕೊಂಡವರಲ್ಲಿ ನೂರಕ್ಕೆ 55 ಮಂದಿ. ಇದು ಸಣ್ಣ ಲಾಭ ಅಲ್ಲ. ಇವತ್ತು ಮುಂದುವರಿದ ಲಿವರ್ ಕ್ಯಾನ್ಸರ್‌ಗೆ ಮೊದಲು ಯೋಚಿಸುವ ಚಿಕಿತ್ಸೆಗಳಲ್ಲಿ ಇದೊಂದು. ಆದರೆ ಮೇಲ್ಭಾಗದ ಜೀರ್ಣಾಂಗದಲ್ಲಿ ರಕ್ತಸ್ರಾವ ಜೋಡಿ ಮದ್ದಿನವರಲ್ಲಿ ನೂರಕ್ಕೆ 7 ಮಂದಿಗೆ ಆಯಿತು, ಸೊರಾಫೆನಿಬ್‌ನವರಲ್ಲಿ ನೂರಕ್ಕೆ 4.5.

ಈ ಏಳು ಎಂಬ ಸಂಖ್ಯೆಯನ್ನು ನೋಡುವಾಗ ಒಂದು ಸಂಗತಿ ಮರೆಯಬಾರದು. ಆ ಅಧ್ಯಯನಕ್ಕೆ ಸೇರಬೇಕಾದರೆ ಎಲ್ಲರಿಗೂ ಹಿಂದಿನ ಆರು ತಿಂಗಳೊಳಗೆ ಎಂಡೋಸ್ಕೋಪಿ ಆಗಿರಬೇಕಿತ್ತು. ಉಬ್ಬಿದ ನಾಳ ಇದ್ದೂ ಚಿಕಿತ್ಸೆ ಆಗದವರನ್ನು ಸೇರಿಸಿಕೊಳ್ಳಲೇ ಇಲ್ಲ. ಲಿವರ್ ಕೆಲಸ ಚೆನ್ನಾಗಿ ಉಳಿದವರನ್ನು ಮಾತ್ರ ಆರಿಸಿದ್ದರು. ಅಷ್ಟು ನೋಡಿ ಆರಿಸಿದ ಮೇಲೆಯೂ ಏಳು. ಎಂಡೋಸ್ಕೋಪಿ ತಪ್ಪಿಸಿಕೊಂಡು, ಚೀಟಿಯನ್ನು ಫೈಲಿನಲ್ಲೇ ಇಟ್ಟುಕೊಂಡು ಮದ್ದು ತೆಗೆದುಕೊಳ್ಳುವವರಿಗೆ ಆ ಏಳು ಅನ್ವಯಿಸುವುದಿಲ್ಲ.

ಇದನ್ನು ಓದಿ "ಹಾಗಾದರೆ ಈ ಮದ್ದೇ ಬೇಡ" ಎಂದು ಯಾರೂ ಮಾತ್ರೆ ನಿಲ್ಲಿಸಬೇಡಿ. ಅದು ನಮ್ಮ ಮೇಲೆ ಇನ್ನೊಂದು ಹೊರೆ ಆಗ್ತದೆ. ರಕ್ತಸ್ರಾವದ ಅಪಾಯ ತೀರಾ ಹೆಚ್ಚಿರುವವರಿಗೆ ಬೇರೆ ದಾರಿಯೂ ಇದೆ. ಡುರ್ವಾಲುಮಾಬ್ ಮತ್ತು ಟ್ರೆಮೆಲಿಮುಮಾಬ್ ಎಂಬ ಜೋಡಿಗೆ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿತು, ಅದು ವಿಇಜಿಎಫ್ ಮುಟ್ಟುವುದಿಲ್ಲ. ಯಾರಿಗೆ ಯಾವುದು ಎಂದು ನಿರ್ಧರಿಸುವುದು ವೈದ್ಯರ ಕೆಲಸ. ನಮ್ಮ ಕೆಲಸ ಕೇಳುವುದು. ಮದ್ದು ಸುರು ಮಾಡುವ ಮೊದಲು ಡಾಕ್ಟರ ಎದುರು ಕೂತಾಗ ಇಷ್ಟು ಕೇಳಿ ಸಾಕು: "ಅನ್ನನಾಳದಲ್ಲಿ ನಾಳ ಉಬ್ಬಿದೆಯಾ ಅಂತ ನೋಡಿ ಆಗಿದೆಯಾ?"

ಪೈಪ್‌ನ ಹೆದರಿಕೆ

ಎಂಡೋಸ್ಕೋಪಿ ಎಂದರೆ ನಮ್ಮಲ್ಲಿ "ಹೊಟ್ಟೆಗೆ ಪೈಪ್ ಹಾಕುವುದು". ಆ ಹೆಸರು ಕೇಳಿಯೇ ಹಿರಿಯರು ಹಿಂದೆ ಸರಿಯುತ್ತಾರೆ. ನಿಜ ಹೇಳಬೇಕಾದರೆ ಅದು ಸುಖದ ಕೆಲಸ ಅಲ್ಲ. ಕೆಲವು ಗಂಟೆ ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಬೇಕು. ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆಯುತ್ತಾರೆ, ಮಗ್ಗುಲಾಗಿ ಮಲಗಿಸುತ್ತಾರೆ, ಬೆರಳಿನಷ್ಟು ಸಪೂರದ ಕೊಳವೆ ಬಾಯಿಯಿಂದ ಒಳಗೆ ಹೋಗುತ್ತದೆ. ವಾಕರಿಕೆ ಬರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಬರೇ ನೋಡುವುದಾದರೆ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಹೆದರಿಕೆ ತುಂಬಾ ಇದ್ದರೆ ಮಂಪರಿನ ಇಂಜೆಕ್ಷನ್ ಕೊಡುವ ಕ್ರಮವೂ ಉಂಟು, ಕೇಳಿ ನೋಡಬಹುದು.

ನಾಳ ದೊಡ್ಡದಾಗಿ ಉಬ್ಬಿದ್ದರೆ ಅದೇ ಕೊಳವೆಯಿಂದ ಸಣ್ಣ ರಬ್ಬರ್ ಉಂಗುರ ಹಾಕಿ ನಾಳವನ್ನು ಬಿಗಿಯುತ್ತಾರೆ. ಇದಕ್ಕೆ ಬ್ಯಾಂಡ್ ಹಾಕುವುದು ಎನ್ನುತ್ತಾರೆ. ಉಂಗುರ ಬಿಗಿದ ಭಾಗ ಕೆಲವು ದಿನಗಳಲ್ಲಿ ಒಣಗಿ ಉದುರುತ್ತದೆ. ಒಂದು ಸಲಕ್ಕೆ ಮುಗಿಯುವುದು ಅಪರೂಪ. ಕೆಲವು ವಾರ ಬಿಟ್ಟು ಮತ್ತೆ ನೋಡಿ, ಉಳಿದದ್ದಕ್ಕೆ ಮತ್ತೆ ಬ್ಯಾಂಡ್ ಹಾಕಬೇಕು. ನಮ್ಮವರು ತಪ್ಪುವುದು ಇಲ್ಲೇ. ಮೊದಲನೆಯದಕ್ಕೆ ಹೆದರಿ ಹೆದರಿ ಹೋಗುತ್ತಾರೆ, ಆದ ಮೇಲೆ "ಅದು ಆಯ್ತು" ಎಂದು ಎರಡನೆಯದನ್ನು ಬಿಡುತ್ತಾರೆ. ಬ್ಯಾಂಡ್ ಉದುರಿದ ಜಾಗದಲ್ಲಿ ಸಣ್ಣ ಹುಣ್ಣು ಇರುತ್ತದೆ, ಅದು ಮಾಯುವವರೆಗೆ ಅಲ್ಲಿಂದಲೂ ರಕ್ತ ಬರಬಹುದು. ಹಾಗಾಗಿ ಕ್ಯಾನ್ಸರ್ ಡಾಕ್ಟರಿಗೆ ಬ್ಯಾಂಡ್ ಹಾಕಿದ ದಿನಾಂಕ ಗೊತ್ತಿರಬೇಕು, ಬ್ಯಾಂಡ್ ಹಾಕುವ ಡಾಕ್ಟರಿಗೆ ಕ್ಯಾನ್ಸರ್ ಮದ್ದಿನ ದಿನಾಂಕ ಗೊತ್ತಿರಬೇಕು. ಇಬ್ಬರು ಬೇರೆ ಬೇರೆ ಆಸ್ಪತ್ರೆಯಲ್ಲಿ ಇದ್ದರೆ ಈ ಎರಡು ದಿನಾಂಕ ಹೊತ್ತುಕೊಂಡು ಹೋಗುವವರು ಮನೆಯವರೇ. ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡಿ.

ಕೆಲವರಿಗೆ ಕಾರ್ವೆಡಿಲಾಲ್ ಅಥವಾ ಪ್ರೊಪ್ರನೊಲಾಲ್ ಎಂಬ ಮಾತ್ರೆ ಬರೆದಿರುತ್ತಾರೆ. ಮೆಡಿಕಲ್‌ನಲ್ಲಿ ಕೇಳಿದರೆ "ಇದು ಬಿಪಿಯದ್ದು" ಎನ್ನುತ್ತಾರೆ. "ಉಪ್ಪನಿಗೆ ಬಿಪಿ ಇಲ್ಲವಲ್ಲ, ಮತ್ತೆ ಯಾಕೆ?" ಎಂದು ಮಕ್ಕಳು ಬಿಡಿಸಿಬಿಡುತ್ತಾರೆ. ಆ ಮಾತ್ರೆ ಪೋರ್ಟಲ್ ನಾಳದ ಒತ್ತಡ ಇಳಿಸಲು ಕೊಟ್ಟದ್ದು. ತಲೆ ಸುತ್ತು ಬಂದರೆ, ನಾಡಿ ತುಂಬಾ ನಿಧಾನ ಆದರೆ ಡಾಕ್ಟರಿಗೆ ಫೋನ್ ಮಾಡಿ ಕೇಳಬೇಕು. ನಾವೇ ನಿಲ್ಲಿಸುವುದು ಬೇಡ.

ಇನ್ನು ನೋವಿನ ಮಾತ್ರೆ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಇದು ಪೂರ್ತಿ ನಮ್ಮ ಕೈಯಲ್ಲಿ ಇರುವುದು. ನಮ್ಮ ಮನೆಗಳಲ್ಲಿ ಫ್ರಿಜ್ ಮೇಲೋ, ಕಿಟಕಿಯ ದಂಡೆಯ ಮೇಲೋ ಒಂದು ಡಬ್ಬಿ ಇರುತ್ತದೆ. ಯಾರಿಗೋ ಬರೆದ ಮಾತ್ರೆಯಲ್ಲಿ ಉಳಿದದ್ದೆಲ್ಲ ಅದರಲ್ಲಿ. ಗಂಟು ನೋವು ಎಂದರೆ ಅದರಿಂದ ಒಂದು, ಹಲ್ಲು ನೋವು ಎಂದರೆ ಇನ್ನೊಂದು. ಗಲ್ಫ್‌ನಿಂದ ಬರುವವರ ಪೆಟ್ಟಿಗೆಯಲ್ಲೂ ನೋವಿನ ಮಾತ್ರೆ, ಮುಲಾಮು ಇಲ್ಲದೆ ಇರುವುದಿಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೊಫೆನಾಕ್ ಇಂಥವು ಜಠರದ ಒಳಪದರಕ್ಕೆ ಪೆಟ್ಟು ಕೊಡುತ್ತವೆ, ಪ್ಲೇಟ್‌ಲೆಟ್‌ನ ಕೆಲಸ ತಡೆಯುತ್ತವೆ, ಸಿರೋಸಿಸ್ ಇರುವವರ ಕಿಡ್ನಿಗೂ ಹಾನಿ ಮಾಡುತ್ತವೆ. ಲಿವರ್ ಕ್ಯಾನ್ಸರ್ ಇರುವವರಿಗೆ ನೋವು ಇರುವುದಿಲ್ಲ ಎಂದಲ್ಲ. ನೋವಿಗೆ ಏನು ಕೊಡಬಹುದು, ಎಷ್ಟು ಕೊಡಬಹುದು ಎಂದು ಚಿಕಿತ್ಸೆಯ ಡಾಕ್ಟರಿಂದಲೇ ಬರೆಸಿಕೊಳ್ಳಿ. ಪ್ಯಾರಾಸಿಟಮಾಲ್ ಕೂಡ ಇಂಥವರಿಗೆ ಸಾಧಾರಣ ಜನರ ಅಳತೆಯಲ್ಲಿ ಅಲ್ಲ, ಕಡಿಮೆ ಅಳತೆಯಲ್ಲಿ. ಆ ಡಬ್ಬಿಯನ್ನು ರೋಗಿಯ ಕೈಗೆ ಎಟುಕದ ಕಡೆ ಇಡಿ.

ಹುಡುಗನ ಉಪ್ಪ ಕೊನೆಯ ವಾರ ಮೊಣಕಾಲು ನೋವಿಗೆ ದಿನಕ್ಕೆ ಎರಡರಂತೆ ಮಾತ್ರೆ ತಿಂದಿದ್ದರು. ಯಾರೂ ಬರೆದುಕೊಟ್ಟದ್ದಲ್ಲ, ಡಬ್ಬಿಯಲ್ಲಿ ಇದ್ದದ್ದು.

ಹೃದಯಕ್ಕೆ ಸ್ಟೆಂಟ್ ಹಾಕಿ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಅಥವಾ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರ ವಿಷಯ ಬೇರೆ. ಅದನ್ನು ತಟ್ಟನೆ ನಿಲ್ಲಿಸಿದರೆ ಹೃದಯಕ್ಕೆ ಅಪಾಯ, ಹೇಳದೆ ಮುಂದುವರಿಸಿದರೆ ಹೊಟ್ಟೆಗೆ ಅಪಾಯ. ಎರಡೂ ಕಡೆಯ ಡಾಕ್ಟರಿಗೆ ಎಲ್ಲ ಮಾತ್ರೆಗಳ ಪಟ್ಟಿ ತೋರಿಸಬೇಕು. ಜೊತೆಗೆ ಹಳ್ಳಿಮದ್ದು, ಪುಡಿ, ಕಷಾಯ ಕೊಡುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಬೈಯುತ್ತಾರೆ ಎಂದು ಹೆದರಬೇಡಿ. ಬೈದರೆ ಬೈಯಲಿ.

ಕಕ್ಕಸಿನ ಬಲ್ಬು

ಈಗ ನಾಚಿಕೆಯ ವಿಷಯಕ್ಕೆ ಬರುತ್ತೇವೆ. ಪತ್ರಿಕೆಯಲ್ಲಿ ಇದನ್ನೆಲ್ಲ ಬರೆಯುವುದಾ ಎಂದು ಕೇಳುವವರು ಇರಬಹುದು. ಬರೆಯದೆ ಬೇರೆ ದಾರಿ ಇಲ್ಲ.

ಅನ್ನನಾಳದಲ್ಲೋ ಜಠರದಲ್ಲೋ ರಕ್ತ ಸೋರಿದರೆ ಅದು ಕೆಳಗೆ ಬರುವಾಗ ಕೆಂಪಾಗಿ ಇರುವುದಿಲ್ಲ. ಜೀರ್ಣರಸ ಸೇರಿ ಕಪ್ಪಾಗುತ್ತದೆ. ಹಸಿ ಡಾಮರಿನ ಹಾಗೆ ಹೊಳಪು, ಅಂಟು, ನೀರು ಹೊಯ್ದರೂ ಬೇಗ ಹೋಗುವುದಿಲ್ಲ. ವಾಸನೆ ಯಾವತ್ತಿನ ಹಾಗೆ ಇರುವುದಿಲ್ಲ, ಒಂದು ಸಲ ಮೂಗಿಗೆ ಬಡಿದರೆ ಮರೆಯುವಂಥದ್ದಲ್ಲ. ಅರ್ಧ ಲೋಟೆಗಿಂತ ಕಡಿಮೆ ರಕ್ತ ಸೋರಿದರೂ ಸಾಕು, ಮಲ ಕಪ್ಪಾಗುತ್ತದೆ. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರಿಗೂ ಕಪ್ಪಗೆ ಹೋಗುತ್ತದೆ, ಆದರೆ ಅದು ಹೀಗೆ ಅಂಟುವುದಿಲ್ಲ, ಆ ವಾಸನೆ ಇರುವುದಿಲ್ಲ. ಸಂಶಯ ಬಂದರೆ ರಕ್ತ ಎಂದೇ ತಿಳಿದು ಹೋಗಿ. ತೋರಿಸಿ ಏನೂ ಅಲ್ಲ ಎಂದಾದರೆ ಒಂದು ಬಾಡಿಗೆ ಖರ್ಚು, ಅಷ್ಟೇ.

ವಾಂತಿಯಲ್ಲಿ ಕೆಂಪು ರಕ್ತ ಬಂದರೆ ಎಲ್ಲರೂ ಹೆದರುತ್ತಾರೆ. ಕಾಫಿ ಚರಟದ ಹಾಗೆ ಕಂದು ಬಣ್ಣದ್ದು ಬಂದರೆ "ಪಿತ್ತ" ಎಂದು ಬಿಡುತ್ತಾರೆ. ಅದೂ ರಕ್ತವೇ. ಏಳುವಾಗ ಕಣ್ಣು ಕತ್ತಲೆ ಬರುವುದು, ತಣ್ಣನೆ ಬೆವರು, ಎದೆ ಜೋರು ಬಡಿದುಕೊಳ್ಳುವುದು ಕೂಡ ಒಳಗೆ ರಕ್ತ ಹೋಗುತ್ತಿರುವ ಗುರುತು ಆಗಬಹುದು. ಇನ್ನೊಂದನ್ನು ಬಹಳ ಮಂದಿ ಗಮನಿಸುವುದಿಲ್ಲ. ರೋಗಿ ಇದ್ದಕ್ಕಿದ್ದಂತೆ ಹಗಲು ನಿದ್ದೆ, ರಾತ್ರಿ ಎಚ್ಚರ ಆಗುವುದು, ಮಾತು ತಪ್ಪುವುದು, ಮಗನನ್ನು ತಮ್ಮನ ಹೆಸರಿನಿಂದ ಕರೆಯುವುದು. ಕರುಳಿಗೆ ಬಿದ್ದ ರಕ್ತ ಅಲ್ಲಿ ಕೊಳೆತು ಉಂಟಾಗುವ ವಿಷವನ್ನು ಕೆಟ್ಟ ಲಿವರ್ ಶುದ್ಧ ಮಾಡಲಾರದೆ ಅದು ಮೆದುಳಿಗೆ ಮುಟ್ಟುತ್ತದೆ. ಮನೆಯವರು ಪ್ರಾಯ ಆಯ್ತು, ಅರಳು ಮರಳು ಎಂದು ತಿಳಿಯುತ್ತಾರೆ. ಇದಕ್ಕೂ ಆ ದಿನವೇ ಆಸ್ಪತ್ರೆಗೆ ಹೋಗಬೇಕು.

ನೋಡುವವರು ಯಾರು? ಹಳೆಯ ಮನೆಗಳಲ್ಲಿ ಕಕ್ಕಸು ಹಿತ್ತಿಲಲ್ಲಿ, ಒಂದು ಮಂಕು ಬಲ್ಬು. ಹಿರಿಯರು ಹೋಗಿ ಎರಡು ಬಕೆಟ್ ನೀರು ಹೊಯ್ದು ಬರುತ್ತಾರೆ. ಸೊಸೆಗೆ ಹೇಳಲು ನಾಚಿಕೆ, ಹೆಂಡತಿಗೆ ಹೇಳಿದರೆ ಗಾಬರಿ ಆಗ್ತಾಳೆ ಎಂದು ಚಿಂತೆ. ಹೇಳಿದರೆ ಪುನಃ ಪೈಪ್ ಹಾಕುತ್ತಾರೆ ಎಂಬ ಹೆದರಿಕೆ ಬೇರೆ. ಬಟ್ಟೆಗೆ ತಾಗುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಆ ಹುಡುಗನ ಮನೆಯಲ್ಲಿ ಎರಡು ದಿನ ಹೋದದ್ದು ಹೀಗೆಯೇ. ಮದ್ದು ನಡೆಯುವ ಮನೆಯಲ್ಲಿ ಕಕ್ಕಸಿಗೆ ಒಳ್ಳೆಯ ಬೆಳಕಿನ ಬಲ್ಬು ಹಾಕಿ. ನೀರು ಹೊಯ್ಯುವ ಮೊದಲು ನೋಡಬೇಕು, ಕಪ್ಪಾಗಿದ್ದರೆ ಹೇಳಬೇಕು ಎಂದು ರೋಗಿಗೆ ಮೊದಲೇ, ಏನೂ ಆಗದಿರುವಾಗಲೇ ಹೇಳಿಡಿ. ಕಣ್ಣು ಮಂಜಾದವರಾದರೆ ಮಗನೋ ಹೆಂಡತಿಯೋ ನೋಡಬೇಕು. ಇದು ಅವರ ಮಾನ ತೆಗೆಯುವ ಕೆಲಸ ಅಲ್ಲ.

ರಾತ್ರಿ ಹೀಗಾದರೆ ಏನು ಮಾಡುವುದು? ಬೆಳಗಾಗಲಿ ಎಂದು ಕಾಯಬಾರದು. ಊರಿನ ಕ್ಲಿನಿಕ್‌ಗೆ ಹೋಗಿ ಇಂಜೆಕ್ಷನ್ ಹಾಕಿಸಿ ನೋಡುವ ಎಂಬುದೂ ಬೇಡ. ರಾತ್ರಿ ಎಂಡೋಸ್ಕೋಪಿ ಮಾಡುವ, ರಕ್ತ ಸಿಗುವ ಆಸ್ಪತ್ರೆ ಹತ್ತಿರದಲ್ಲಿ ಯಾವುದು ಎಂದು ಮದ್ದು ಸುರುವಾದ ವಾರವೇ ಕೇಳಿ ಇಟ್ಟುಕೊಂಡಿರಬೇಕು. 108ಕ್ಕೆ ಫೋನ್ ಮಾಡಿ, ಅದು ಬರಲು ತಡವಾದರೆ ಸಿಕ್ಕಿದ ವಾಹನದಲ್ಲಿ ಹೊರಡಿ. ವಾಂತಿ ಆಗುತ್ತಿದ್ದರೆ ಎಡಮಗ್ಗುಲಿಗೆ ಮಲಗಿಸಿ, ರಕ್ತ ಉಸಿರಿನ ದಾರಿಗೆ ಹೋಗಬಾರದು. ಬಾಯಿಗೆ ಏನೂ ಕೊಡಬೇಡಿ. ಎಳನೀರು ಬೇಡ, ಗಂಜಿ ತಿಳಿ ಬೇಡ, ಮಾತ್ರೆಯೂ ಬೇಡ. ಫೈಲ್ ಮರೆಯಬೇಡಿ. ಬಾಗಿಲಲ್ಲೇ ಹೇಳಬೇಕಾದ ಮಾತು: "ಲಿವರ್ ಕ್ಯಾನ್ಸರ್‌ಗೆ ಇಂಥ ಮದ್ದು ನಡೀತಾ ಉಂಟು, ಕಪ್ಪಗೆ ಹೋಗಿದೆ." ಬರೇ ವಾಂತಿ, ಸುಸ್ತು ಎಂದರೆ ಗ್ಯಾಸ್ಟ್ರಿಕ್ ಎಂದು ಬೆಂಚಿನಲ್ಲಿ ಕೂರಿಸಲೂಬಹುದು. ಅಲ್ಲಿ ಅವರು ರಕ್ತನಾಳದ ಒತ್ತಡ ಇಳಿಸುವ ಇಂಜೆಕ್ಷನ್, ಸೋಂಕು ಬಾರದಂತೆ ಆ್ಯಂಟಿಬಯಾಟಿಕ್ ಸುರು ಮಾಡಿ, ಬೇಕಾದಷ್ಟು ರಕ್ತ ಕೊಟ್ಟು, ಸಾಮಾನ್ಯವಾಗಿ ಹನ್ನೆರಡು ಗಂಟೆಯೊಳಗೆ ಎಂಡೋಸ್ಕೋಪಿ ಮಾಡಿ ಬ್ಯಾಂಡ್ ಹಾಕುತ್ತಾರೆ. ಸಮಯಕ್ಕೆ ಮುಟ್ಟಿದವರಲ್ಲಿ ಹೆಚ್ಚಿನವರು ಆ ಸಲ ಬದುಕಿ ಬರುತ್ತಾರೆ. ರಕ್ತ ಕೊಡುವ ವಿಷಯದಲ್ಲಿ ನಮ್ಮ ಯುವಕರಿಗೆ ಹೇಳಿಕೊಡಬೇಕಾದ್ದಿಲ್ಲ, ನಡುರಾತ್ರಿ ಬೈಕ್ ತೆಗೆದುಕೊಂಡು ಹೋಗುವವರು ಪ್ರತಿ ಊರಲ್ಲೂ ಇದ್ದಾರೆ.

ಕುಡಿಯದವನ ಲಿವರ್

ನಮ್ಮಲ್ಲಿ ಲಿವರ್ ಕಾಯಿಲೆಯನ್ನು ಮುಚ್ಚಿಡುವುದಕ್ಕೆ ದೊಡ್ಡ ಕಾರಣ ಒಂದಿದೆ. ಲಿವರ್ ಹೋಯಿತು ಎಂದರೆ "ಕುಡೀತಿದ್ದನಾ?" ಎಂದು ಜನ ಕಿವಿಯಲ್ಲಿ ಕೇಳುತ್ತಾರೆ. ಐದು ಹೊತ್ತಿನ ನಮಾಝಿ, ಬಾಯಿಗೆ ಒಂದು ಹನಿ ಮುಟ್ಟಿಸದವರು ಈ ಮಾತಿಗೆ ಹೆದರಿ ಗ್ಯಾಸ್, ಅಲ್ಸರ್ ಎಂದು ಸುಳ್ಳು ಹೇಳುತ್ತಾರೆ. ಹೆಣ್ಣು ನೋಡಲು ಬರುವವರು ಇದ್ದರೆ ಕೇಳುವುದೇ ಬೇಡ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ವೈರಸ್‌ನಿಂದ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆ ಬರುವ ಫ್ಯಾಟಿ ಲಿವರ್‌ನಿಂದ ಕೂಡ ಸಿರೋಸಿಸ್ ಆಗುತ್ತದೆ, ಕ್ಯಾನ್ಸರ್ ಆಗುತ್ತದೆ. ಪರೋಟ, ಬಿರಿಯಾನಿ, ಸುಲೈಮಾನಿಗೆ ಮೂರು ಚಮಚ ಸಕ್ಕರೆ ಹಾಕುವ ನಮ್ಮ ಪಂಕ್ತಿಯಲ್ಲಿ ಈ ಕೊನೆಯದನ್ನು ಜೋರಾಗಿ ಹೇಳಬೇಕಾದ್ದು ಉಂಟು, ಅದು ಇನ್ನೊಂದು ವಾರಕ್ಕೆ.

ಹೆಪಟೈಟಿಸ್ ಬಿ ಮಾತ್ರ ಇಲ್ಲಿ ಹೇಳಲೇಬೇಕು. ಗಲ್ಫ್‌ಗೆ ಹೊರಟ ಎಷ್ಟೋ ಹುಡುಗರಿಗೆ ಇದು ಗೊತ್ತಾಗುವುದು ವೀಸಾ ಮೆಡಿಕಲ್‌ನಲ್ಲಿ. ಅನ್‌ಫಿಟ್ ಎಂದು ಬರುತ್ತದೆ, ವೀಸಾ ಹೋಗುತ್ತದೆ. ದುಃಖ ವೀಸಾ ಹೋದದ್ದಕ್ಕೆ, ಲಿವರ್ ಬಗ್ಗೆ ಯಾರೂ ಯೋಚಿಸುವುದಿಲ್ಲ. ಆ ಕಾಗದ ಹರಿದು ಬಿಸಾಡಿ, ಊರಲ್ಲೇ ಅಂಗಡಿ ಇಟ್ಟು, ಮದುವೆಯಾಗಿ, ಇಪ್ಪತ್ತು ವರ್ಷ ಕಳೆದ ಮೇಲೆ ಹೊಟ್ಟೆ ಉಬ್ಬಿ ಆಸ್ಪತ್ರೆಗೆ ಹೋಗುತ್ತಾರೆ. ಹುಡುಗನ ಉಪ್ಪನ ಕಥೆಯೂ ಇದೇ. ವೈರಸ್ ಇದ್ದವರೆಲ್ಲ ಕ್ಯಾನ್ಸರ್‌ಗೆ ಹೋಗುವುದಿಲ್ಲ. ಒಟ್ಟಿಗೆ ಊಟ ಮಾಡಿದರೆ, ಕೈ ಹಿಡಿದರೆ ಅದು ಹರಡುವುದೂ ಇಲ್ಲ. 2018ರ ಜುಲೈ 28ರಂದು ಸುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಇದರ ಪರೀಕ್ಷೆ, ಮದ್ದು ಸರಕಾರಿ ಕೇಂದ್ರಗಳಲ್ಲಿ ಉಚಿತ.

ರಮಳಾನ್ ಬಂದಾಗ ಉಪವಾಸದ ಬಗ್ಗೆ ನಮ್ಮಲ್ಲಿ ಕೇಳುವವರು ಇದ್ದಾರೆ. ಎರಡು ಹೊತ್ತಿನ ಮಾತ್ರೆಯನ್ನು ಒಂದು ಹೊತ್ತು ಮಾಡಿಕೊಂಡವರನ್ನು, ಎಂಡೋಸ್ಕೋಪಿಯನ್ನು ಪೆರ್ನಾಲ್ ಕಳೆದ ಮೇಲೆ ಎಂದು ದೂಡಿದವರನ್ನು ಕಂಡಿದ್ದೇವೆ. ರೋಗಿಗೆ ದೀನ್‌ನಲ್ಲಿ ರಿಯಾಯಿತಿ ಇರುವುದು ನಿಮಗೆಲ್ಲ ಗೊತ್ತು. ಡಾಕ್ಟರು ಬೇಡ ಎಂದರೆ ಉಪವಾಸ ಬೇಡ. ಈಗ ಯಾರಾದರೂ ನಮ್ಮಲ್ಲಿ ಕಾಯಿಲೆಯವರ ನಮಾಝ್, ನೋಂಬು ಕೇಳಲು ಬಂದರೆ ನಾವು ಮೊದಲು ಕಾಯಿಲೆ ಏನು, ಮದ್ದು ಯಾವುದು, ಹೇಗೆ ಹೋಗ್ತಾ ಉಂಟು ಎಂದು ಕೇಳುತ್ತೇವೆ. ಮಸ್‌ಅಲ ಆಮೇಲೆ.

ಆ ಪಿಕಪ್ ಹುಡುಗ ಮೂವರು ಅಣ್ಣತಮ್ಮಂದಿರಲ್ಲಿ ದೊಡ್ಡವ. ಉಪ್ಪ ಹೋದ ಮೇಲೆ ಮೂವರೂ ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿದರು. ಇಬ್ಬರಿಗೆ ಇಲ್ಲ, ಅವರಿಗೆ ಲಸಿಕೆ ಹಾಕಿಸಿ ಆಯಿತು. ದೊಡ್ಡವನಿಗೆ ಇದೆ. ಅವನಿಗೆ ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಲು ಹೇಳಿದ್ದಾರೆ. ಮೊದಲನೆಯದಕ್ಕೆ ಹೋಗುವಾಗ ಒಬ್ಬನೇ ಹೋಗಲು ಧೈರ್ಯ ಇಲ್ಲ ಎಂದು ನಮ್ಮನ್ನು ಕರೆದ. ಮದ್ರಸ ಬಿಟ್ಟ ಮೇಲೆ ಅವನ ಪಿಕಪ್‌ನಲ್ಲೇ ಕೂತು ಹೋದೆವು. ರಿಪೋರ್ಟ್ ಸರಿ ಇತ್ತು. ಮುಂದಿನ ದಿನಾಂಕವನ್ನು ಅವನು ಮೊಬೈಲಲ್ಲೂ ಹಾಕಿಕೊಂಡ, ನಮ್ಮ ಹಾಜರಿ ಪುಸ್ತಕದ ಹಿಂದಿನ ಪುಟದಲ್ಲೂ ಬರೆಸಿದ.